ಇಪ್ಪತ್ತು ಲೀಟರ್ ಸೀಮೆಎಣ್ಣೆ

"ಒಳಗೆ ತರಬೇಡ! ಅಲ್ಲೇ ನಿಲ್ಲು ಮಗಳೇ, ಇಲ್ಲಿ ಒಲೆ ಉರೀತಿದೆ!"

ಮೆಕ್ಯಾನಿಕ್ ಡಾನ್ ಕ್ಲೋದೊ ಕೂಗಿದ ರಭಸಕ್ಕೆ ನಾನು ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಕೈಯಲ್ಲಿದ್ದದ್ದು ಒಂದು ಡೀಸೆಲ್ ಫಿಲ್ಟರ್. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ವ್ಯಾನಿನಿಂದ ಈಗಷ್ಟೇ ಬಿಚ್ಚಿ ತಂದದ್ದು.

ಹನ್ನೆರಡು ದಿನದ ಹಿಂದೆ ಆ ವ್ಯಾನು ಕ್ಯಾಮರೋನ್ ರಸ್ತೆಯಲ್ಲಿ ನಿಂತುಹೋಗಿ, ಡಯಾಲಿಸಿಸ್ ಮುಗಿಸಿ ಊರಿಗೆ ಹೊರಟಿದ್ದ ಇಬ್ಬರು ಚಳಿಗೆ ಸೆಟೆದು ಸತ್ತಿದ್ದರು. ಬದುಕುಳಿದ ಡ್ರೈವರ್ ಹೆರಿಬೆರ್ತೊನ ಮೇಲೆ ಕೇಸು ಬಿದ್ದಿತ್ತು. ತನಿಖೆ ಪೊಲೀಸ್ ಇನ್ಸ್‌ಪೆಕ್ಟರಾದ ನನ್ನದು.

ಮುದುಕ ಕತ್ತರಿ ಹಿಡಿದು ಹೊರಗೆ ಬಂದ. ಎಪ್ಪತ್ತೆಂಟು ವರ್ಷ. ಹಿರಿಯ ಗಂಡಸರಿಗೆ ಡಾನ್, ಹೆಂಗಸರಿಗೆ ದೋನ್ಯಾ ಅನ್ನುವುದು ನಮ್ಮೂರ ಗೌರವ. ನಮ್ಮಪ್ಪನ ಜೊತೆ ಕುರಿ ಲಾರಿ ಓಡಿಸಿದವನು. ಹಿಮದ ಮೇಲೆ ಒಂದು ಹಲಗೆ ಹಾಕಿ, ಅದರ ಮೇಲೆ ಫಿಲ್ಟರ್ ಇಟ್ಟು, ತಗಡಿನ ಹೊದಿಕೆಯನ್ನು ಸುತ್ತಲೂ ಕತ್ತರಿಸಿದ. ಆಮೇಲೆ ಒಳಗಿನ ಮಡಿಕೆ ಮಡಿಕೆ ಕಾಗದವನ್ನು ಎರಡು ಹೆಬ್ಬೆರಳಲ್ಲಿ ಬಿಡಿಸಿದ.

ಮಡಿಕೆಗಳ ನಡುವೆಲ್ಲ ಹಳದಿ ಬಿಳುಪಿನ ಗಟ್ಟಿ ಪದಾರ್ಥ. ರಾತ್ರಿ ಉಳಿದ ಕುರಿ ಸಾರಿನ ಮೇಲೆ ಬೆಳಗ್ಗೆ ಕೊಬ್ಬು ಕಟ್ಟಿರುತ್ತದಲ್ಲ, ಹಾಗೆ.

"ಮೇಣ" ಅಂದ ಡಾನ್ ಕ್ಲೋದೊ. "ಡೀಸೆಲ್ ಒಳಗಿನ ಮೇಣ. ಇದು ಬೇಸಿಗೆ ಡೀಸೆಲ್. ಚಳಿಗೆ ಹೆಪ್ಪುಗಟ್ಟಿದೆ. ಎಂಜಿನ್ನಿಗೆ ಒಂದು ಹನೀನೂ ಹೋಗಿಲ್ಲ. ಉಸಿರು ಕಟ್ಟಿ ಸತ್ತಿದೆ ಪಾಪ."

ನಾನು ಒಂದರ ಹಿಂದೆ ಒಂದು ಫೋಟೊ ತೆಗೆದೆ. ಬೆರಳು ಮರಗಟ್ಟಿ ಕ್ಯಾಮೆರಾದ ಗುಂಡಿ ಒತ್ತಲು ಆಗುತ್ತಿರಲಿಲ್ಲ.

"ಇದರಲ್ಲಿ ಸೀಮೆಎಣ್ಣೆ ಇದೆಯಾ ಡಾನ್ ಕ್ಲೋದೊ?"

ಅವನು ಮೂಗಿನ ಹತ್ತಿರ ಹಿಡಿದ. "ಇಲ್ಲ."

"ಟ್ಯಾಂಕಿನಲ್ಲಿ ನೂರಕ್ಕೆ ನಲವತ್ತು ಭಾಗ ಸೀಮೆಎಣ್ಣೆ ಅಂತ ರಿಪೋರ್ಟ್ ಇದೆ."

"ಯಾರ ರಿಪೋರ್ಟು?"

"ಸಲ್ದಿವಿಯಾ ಅವರದ್ದು."

ಹೆಸರು ಕೇಳಿ ಮುದುಕ ಹಿಮದ ಮೇಲೆ ಉಗಿದ. ರುಬೆನ್ ಸಲ್ದಿವಿಯಾ ಆ ವ್ಯಾನು ಮಾರಿದ ಕಂಪನಿಯ ವಾರಂಟಿ ಎಂಜಿನಿಯರು. ವ್ಯಾನಿಗೆ ಇನ್ನೂ ಐದೇ ತಿಂಗಳು. ಎಂಜಿನ್ ಕೆಟ್ಟರೆ ಕಂಪನಿಯ ಜವಾಬ್ದಾರಿ. ಆದರೆ ಸಲ್ದಿವಿಯಾ ಬಂದು, ಟ್ಯಾಂಕಿನಿಂದ ಸ್ಯಾಂಪಲ್ ತೆಗೆದು, ಮೂರೇ ಸಾಲಿನ ರಿಪೋರ್ಟ್ ಬರೆದಿದ್ದ: ಚಾಲಕ ಡೀಸೆಲ್‌ಗೆ ನೂರಕ್ಕೆ ನಲವತ್ತು ಭಾಗ ಸೀಮೆಎಣ್ಣೆ ಬೆರೆಸಿದ್ದಾನೆ. ಇದು ವಾರಂಟಿ ನಿಯಮಕ್ಕೆ ವಿರುದ್ಧ. ಕಂಪನಿಗೆ ಸಂಬಂಧವಿಲ್ಲ. ಸರ್ಕಾರಿ ವಕೀಲರಿಗೆ ಬೇಕಾಗಿದ್ದದ್ದೂ ಆ ಮೂರು ಸಾಲೇ.

"ನೋಡು ಒರಿಯಾನಾ" ಅಂದ ಡಾನ್ ಕ್ಲೋದೊ. "ಸೀಮೆಎಣ್ಣೆ ಎಂಜಿನ್ನಿಗೆ ಒಳ್ಳೇದಲ್ಲ, ಒಪ್ತೀನಿ. ಪಂಪು ಒಣಗುತ್ತೆ, ಉಜ್ಜಿ ಉಜ್ಜಿ ಹಾಳಾಗುತ್ತೆ. ಹೊಸ ಎಂಜಿನ್ ಆದರೆ ಇನ್ನೂ ಬೇಗ. ಆದ್ರೆ ಚಳಿಗೆ ಅದು ಗಟ್ಟಿಯಾಗಲ್ಲ. ನಮ್ಮ ಕಾಲದಲ್ಲಿ ಮೇಣ ಕಟ್ಟಬಾರದು ಅಂತಾನೇ ಬೆರೆಸ್ತಿದ್ವಿ. ನಲವತ್ತು ಭಾಗ ಮೊದಲೇ ಬೆರೆಸಿದ್ರೆ, ಆ ದಿನದ ಚಳಿಗೆ ಮೇಣ ಇಷ್ಟು ದಪ್ಪ ಕಟ್ತಾನೇ ಇರಲಿಲ್ಲ."

"ಅಂದ್ರೆ?"

"ಅಂದ್ರೆ ಮೊದಲು ಮೇಣ ಕಟ್ಟಿದೆ. ವ್ಯಾನು ನಿಂತಿದೆ. ಆಮೇಲೆ ಸೀಮೆಎಣ್ಣೆ ಬಂದಿದೆ."

ಹಿಡಿಯಲು ಒಂದು ಎಳೆ ಸಿಕ್ಕಿತು. ಈ ಕೇಸು ಕೈಗೆ ಬಂದ ಮೇಲೆ ಮೊದಲ ಸಲ. ವ್ಯಾನನ್ನು ಎಳೆದು ತಂದ ಮೇಲೆ ಯಾರೋ ಟ್ಯಾಂಕಿಗೆ ಸೀಮೆಎಣ್ಣೆ ಸುರಿದಿದ್ದಾರೆ. ಡ್ರೈವರ್ ತಲೆಗೆ ಕಟ್ಟುವುದಕ್ಕೆ. ಹಾಗಂತ ನಾನು ತಿಳಿದುಕೊಂಡೆ.

ನಾನು ಪೂರ್ತಿ ತಪ್ಪು ತಿಳಿದುಕೊಂಡಿದ್ದೆ. ಆದರೆ ಅದು ಗೊತ್ತಾಗುವುದಕ್ಕೆ ಇನ್ನೂ ಮೂರು ಗಂಟೆ ಇತ್ತು.

"ಇದನ್ನ ಕೋರ್ಟಿನಲ್ಲಿ ಹೇಳ್ತೀರಾ?"

ಮುದುಕ ಕತ್ತರಿ ಒರೆಸಿಕೊಂಡ. "ಹೇಳ್ತೀನಿ. ಶಾಲೆ ಮೆಟ್ಟಿಲು ಹತ್ತದ ಮೆಕ್ಯಾನಿಕ್ ಮಾತು ಯಾರು ಕೇಳ್ತಾರೆ ಮಗಳೇ? ಕಂಪನಿಯವರ ಎದುರಿಗೆ ಕತ್ತರಿಸಿದ ಫಿಲ್ಟರ್ ಅಲ್ಲ ಇದು ಅಂತಾರೆ. ಒಂದು ಒಲೆ ಹತ್ತಿರ ಇಟ್ಟರೆ ಈ ಸಾಕ್ಷಿ ಕರಗಿ ಹೋಗುತ್ತೆ. ಬೇಗ ಏನಾದ್ರೂ ಮಾಡು."

* * *

ಭೂಮಿಯ ದಕ್ಷಿಣ ತುದಿಯ ದ್ವೀಪದಲ್ಲಿರುವ ನಮ್ಮೂರು ಪೊರ್ವೆನೀರ್‌ನಲ್ಲಿ ಡೀಸೆಲ್ ಸಿಗುವುದು ಒಂದೇ ಕಡೆ. ಕೊಲ್ಲಿಯ ಮೇಲಿನ ದಿಣ್ಣೆಯಲ್ಲಿ, ಡಾಂಕೊ ಮಾರುಸಿಚ್‌ನ ಡಿಪೋದಲ್ಲಿ. ಡಾಂಕೊ ಮತ್ತು ನಾನು ಒಂದನೇ ಕ್ಲಾಸಿನಿಂದ ಎಂಟನೆಯದರವರೆಗೆ ಒಂದೇ ಬೆಂಚಿನಲ್ಲಿ ಕೂತವರು.

ಬೆಚ್ಚಗಿನ ಜೀಪಿನೊಳಗೆ ಇಟ್ಟಿದ್ದ ಡಬ್ಬಿಯಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಬಗ್ಗಿಸಿಕೊಂಡು ಒಳಗೆ ಹೋದೆ. ಅವನು ಮೇಜಿನ ಹಿಂದೆ ಕೂತು ಸೋರೆ ಬುರುಡೆಯಲ್ಲಿ ಮಾಟೆ ಸೊಪ್ಪಿನ ಕಷಾಯ ಹೀರುತ್ತಿದ್ದ. ಗಡ್ಡ ಬೋಳಿಸಿ ಎಷ್ಟು ದಿನವಾಗಿತ್ತೋ. ನನ್ನನ್ನು ನೋಡಿ ಏಳಲಿಲ್ಲ.

"ಮತ್ತೆ ಬಂದ್ಯಾ?"

"ಮತ್ತೆ ಬಂದೆ."

ನಾನು ಕಿಟಕಿ ತೆರೆದು, ಹೊರಗಿನ ಕಟ್ಟೆಯ ಮೇಲೆ ಬಾಟಲಿ ಇಟ್ಟು, ಮತ್ತೆ ಕಿಟಕಿ ಮುಚ್ಚಿದೆ. ಗಾಜಿನಾಚೆ ಬಾಟಲಿ ಕಾಣುತ್ತಿತ್ತು. ಡೀಸೆಲ್ ಜೇನುತುಪ್ಪದ ಬಣ್ಣಕ್ಕಿತ್ತು, ತಿಳಿಯಾಗಿತ್ತು.

"ಅದೇನದು?"

"ನಿನ್ನದೇ ಸರಕು. ಹದಿಮೂರು ದಿನದ ಹಿಂದೆ ನಮ್ಮ ಇಲಾಖೆಯ ಜೀಪಿಗೆ ಅಂತ ಒಂದು ಡಬ್ಬಿ ತುಂಬಿಸಿಕೊಂಡು ಹೋಗಿದ್ದೆ. ಇವತ್ತಿನವರೆಗೆ ಮುಚ್ಚಳ ತೆಗೆದಿರಲಿಲ್ಲ. ಮಾರನೇ ದಿನ ಹೆರಿಬೆರ್ತೊ ಬಂದು ಮೂವತ್ತು ಲೀಟರ್ ಹಾಕಿಸಿಕೊಂಡ. ಅದೇ ತೊಟ್ಟಿಯಿಂದ."

ಡಾಂಕೊ ಕಷಾಯದ ಬುರುಡೆಯನ್ನು ಮೇಜಿನ ಮೇಲಿಟ್ಟ.

"ಅವನ ರಸೀದಿ ಇಲ್ಲಿದೆ" ಅಂದೆ. "'ಚಳಿಗಾಲದ ಡೀಸೆಲ್' ಅಂತ ನಿನ್ನ ಕೈಬರಹ. ಎಲ್ಲಾ ರಸೀದಿಗಳನ್ನೂ ಅವನು ವಾರಂಟಿ ಪುಸ್ತಕದೊಳಗೆ ಇಟ್ಟುಕೊಂಡಿದ್ದ ಡಾಂಕೊ. ಪುಸ್ತಕದಲ್ಲಿ ಏನು ಬರೆದಿದೆಯೋ ಹಾಗೇ ನಡಕೊಂಡಿದ್ದಾನೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಚಳಿಗಾಲದ ಡೀಸೆಲ್ ಮಾತ್ರ. ಕಂಪನಿ ಒಪ್ಪಿದ ಡಿಪೋದಲ್ಲಿ ಮಾತ್ರ."

"ಅದಕ್ಕೇ ಹೇಳ್ತಿರೋದು. ನಂದು ಕಂಪನಿ ಒಪ್ಪಿದ ಡಿಪೋ." ಅವನು ಹಿಂದಿನ ಗೋಡೆ ತೋರಿಸಿದ. ಮರಿಯಮ್ಮನವರ ಪಟದ ಪಕ್ಕದಲ್ಲೇ ಕಟ್ಟು ಹಾಕಿಸಿದ ಪ್ರಮಾಣಪತ್ರ. ಕೆಳಗೆ ಸಲ್ದಿವಿಯಾನ ಸಹಿ. "ಇನ್ನೇನು ಬೇಕು ನಿನಗೆ?"

"ಬಾಟಲಿ ನೋಡೋಣ."

"ನೋಡು. ನನಗೇನು."

ಇಬ್ಬರೂ ಬಾಟಲಿಯನ್ನೇ ನೋಡುತ್ತ ಕೂತೆವು. ಹೊರಗೆ ಗಾಳಿ ತಗಡನ್ನು ಬಡಿಯುತ್ತಿತ್ತು. ಗೋಡೆಯ ಮೇಲಿನ ಥರ್ಮಾಮೀಟರ್ ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ ಅನ್ನುತ್ತಿತ್ತು.

"ನಿನ್ನ ಗಂಡ ಹೇಗಿದ್ದಾನೆ?" ಅಂತ ಕೇಳಿದ.

"ಬಿಟ್ಟು ಹೋಗಿ ಎರಡು ವರ್ಷ ಆಯ್ತು. ನಿನಗೆ ಗೊತ್ತಿದೆ."

"ಗೊತ್ತಿದೆ. ಏನಾದ್ರೂ ಮಾತಾಡ್ಬೇಕಲ್ಲ ಅಂತ."

ಕಾಲು ಗಂಟೆಯಾದ ಮೇಲೆ ಬಾಟಲಿಯ ಅಂಚಿನಲ್ಲಿ ಮೊದಲು ಮಂಜು ಮುಸುಕಿದ ಹಾಗೆ ಆಯಿತು. ಆಮೇಲೆ ಒಳಗೆ ಸಣ್ಣ ಸಣ್ಣ ಎಳೆಗಳು ತೇಲತೊಡಗಿದವು. ಜೇನಿನ ಬಣ್ಣ ಕೆನೆಯ ಬಣ್ಣಕ್ಕೆ ತಿರುಗಿತು. ಅರ್ಧ ಗಂಟೆಗೆ ಸರಿಯಾಗಿ ನಾನು ಬಾಟಲಿಯನ್ನು ಒಳಗೆ ತಂದು ಅವನ ಮುಂದೆ ತಲೆಕೆಳಗು ಹಿಡಿದೆ. ಡೀಸೆಲ್ ಗಂಜಿಯ ಹಾಗೆ, ಒಲ್ಲದ ಮನಸ್ಸಿನಿಂದ, ನಿಧಾನಕ್ಕೆ ಜಾರಿತು.

ಡಾಂಕೊ ಕಣ್ಣು ಮುಚ್ಚಿಕೊಂಡ.

"ಚಳಿಗಾಲದ್ದು ಇಪ್ಪತ್ತು ಡಿಗ್ರಿ ಕೆಳಗೂ ನೀರಿನ ಹಾಗೆ ಹರಿಯುತ್ತೆ" ಅಂದೆ. "ಇದು ಯಾವುದು?"

"ಹಡಗು ಬರಲಿಲ್ಲ."

"ಏನು?"

"ಗಾಳಿಗೆ ಬಂದರು ಮುಚ್ಚಿದ್ರು. ಒಂಬತ್ತು ದಿನ ಹಡಗೇ ಬರಲಿಲ್ಲ. ಚಳಿಗಾಲದ್ದು ಜೂನ್ ಕೊನೆಗೇ ಮುಗಿದಿತ್ತು. ಬೇಸಿಗೆದು ಒಂದು ತೊಟ್ಟಿ ಉಳಿದಿತ್ತು. ಏನ್ ಮಾಡ್ಲಿ? ಊರಿಗೆ ಇರೋದು ಇದೊಂದೇ ಪಂಪು. ಮುಚ್ಚಿಬಿಡ್ಲಾ?"

"ಹೇಳಿ ಮಾರಬಹುದಿತ್ತಲ್ಲೋ! 'ಇದು ಬೇಸಿಗೆ ಡೀಸೆಲ್, ದೂರ ಹೋಗಬೇಡಿ' ಅಂತ ಒಂದು ಮಾತು. ಒಂದು ರಟ್ಟಿನ ಮೇಲೆ ಬರೆದು ತೂಗುಹಾಕೋಕೆ ನಿನಗೆ ಏನು ಬಂದಿತ್ತು?"

"ಸಲ್ದಿವಿಯಾನ ಕೇಳ್ದೆ!" ಅವನು ಮೇಜು ಗುದ್ದಿದ. ಬುರುಡೆ ಉರುಳಿ ಹಸಿರು ಸೊಪ್ಪು ಕಾಗದಗಳ ಮೇಲೆ ಚೆಲ್ಲಿತು. "ಪಂಪ್ ಮುಚ್ತೀನಿ ಅಂತ ನಾನೇ ಅವನಿಗೆ ಫೋನ್ ಮಾಡ್ದೆ. 'ಇನ್ನೂ ಅಷ್ಟು ಚಳಿ ಎಲ್ಲಿದೆ, ಮಾರು, ಎರಡು ದಿನದಲ್ಲಿ ಹಡಗು ಬರುತ್ತೆ' ಅಂದ. ಚೀಟಿ ಹಾಕಬೇಡ ಅಂದ. ಅವನು ಒಪ್ಪಿದ ಡಿಪೋದಲ್ಲಿ ತಪ್ಪು ಡೀಸೆಲ್ ಇದೆ ಅಂತ ಗೊತ್ತಾದ್ರೆ, ಈ ದ್ವೀಪದಲ್ಲಿ ಕೆಡೋ ಎಲ್ಲಾ ಎಂಜಿನ್ನೂ ಕಂಪನಿ ಮೇಲೆ ಬರುತ್ತೆ ಅಂದ. ನಾನು ಸರಿ ಅಂದೆ. ಅಷ್ಟೇ. ಅಷ್ಟೇ ನಾನು ಮಾಡಿದ್ದು."

"ಅಷ್ಟೇನಾ? ಹೆರಿಬೆರ್ತೊ ನಿಂಗೆ ಏನ್ ಮಾಡಿದ್ದ ಅಂತ ಅವನ ಟ್ಯಾಂಕಿಗೆ ಸೀಮೆಎಣ್ಣೆ ಸುರಿದೆ?"

ಅವನು ತಲೆಯೆತ್ತಿ ನೋಡಿದ. ಆ ಮುಖದಲ್ಲಿ ಬೇರೆ ಏನು ಇದ್ದರೂ ನಾಟಕ ಇರಲಿಲ್ಲ.

"ನಾನಾ? ನಾನ್ಯಾಕೆ ಸುರೀಲಿ?"

"ಎಳೆದು ತಂದ ಮೇಲೆ ವ್ಯಾನು ಎರಡು ರಾತ್ರಿ ನಿನ್ನ ಅಂಗಳದಲ್ಲಿ ನಿಂತಿತ್ತು."

"ಒರಿಯಾನಾ..." ಅವನ ದನಿ ಸೀಳಿತು. "ಆ ವ್ಯಾನಿನ ಹತ್ತಿರ ಹೋಗೋಕೆ ನನಗೆ ಕಾಲೇ ಬರಲಿಲ್ಲ. ಅದರೊಳಗೆ ಸತ್ತ ಸುನಿಲ್ಡಾ ನಮ್ಮ ಚಿಕ್ಕಮ್ಮ. ನಮ್ಮಮ್ಮ ಸತ್ತ ಮೇಲೆ ನನ್ನ ಸಾಕಿದವಳು. ಅವತ್ತು ಮಧ್ಯಾಹ್ನ ನಾನು ಡೀಸೆಲ್ ಹಾಕ್ತಿದ್ದಾಗ ವ್ಯಾನಿನ ಕಿಟಕಿ ಇಳಿಸಿ, 'ಸ್ವೆಟರ್ ಹಾಕ್ಕೊಳ್ಳೋ, ನೆಗಡಿ ಆಗುತ್ತೆ' ಅಂತ ನನಗೇ ಬೈದ್ಲು. ಆಗ್ಲೂ ನಾನು ಹೇಳ್ಲಿಲ್ಲ. ಪೈಪು ಹಿಡ್ಕೊಂಡು ನಿಂತಿದ್ದೆ. ಹೇಳ್ಲಿಲ್ಲ."

ಸೊಪ್ಪು ಚೆಲ್ಲಿದ ಕಾಗದಗಳನ್ನು ಒಂದೊಂದಾಗಿ ಸರಿಸಿಟ್ಟೆ. ಆಮೇಲೆ ಪೊಲೀಸ್ ಬುದ್ಧಿ ಕೇಳಿತು: "ಇದನ್ನ ಬರೆದು ಸಹಿ ಹಾಕಿಕೊಡ್ತೀಯಾ?"

"ಇಲ್ಲ."

"ಡಾಂಕೊ!"

"ನನಗೆ ಮೂವರು ಹೆಣ್ಮಕ್ಕಳು. ಹೆಂಡತಿಗೆ ಈಗಲೂ ಗೊತ್ತಿಲ್ಲ. ನಿನ್ನ ಹತ್ತಿರ ಹೇಳ್ದೆ, ಒಂದೇ ಬೆಂಚಿನಲ್ಲಿ ಕೂತೋರು ಅಂತ. ಕೋರ್ಟಿಗೆ ಕರೆದ್ರೆ ಇಲ್ಲ ಅಂತೀನಿ. ಮಾರನೇ ದಿನವೇ ಹೊಸ ಡೀಸೆಲ್ ಬಂತು, ತೊಟ್ಟಿ ತೊಳೆಸಿದ್ದೂ ಆಯ್ತು. ಇನ್ನು ಆ ಬಾಟಲಿ... ಅದು ನನ್ನ ಡಿಪೋದ್ದೇ ಅಂತ ಏನು ಸಾಕ್ಷಿ? ಸೀಲ್ ಇದೆಯಾ?"

ಇರಲಿಲ್ಲ.

"ಹೋಗು" ಅಂದ. "ಒಲೆ ಹತ್ತಿರ ಇದೆ, ಬಾಟಲಿ ತೊಗೊಂಡು ಹೋಗು. ಅದು ಮತ್ತೆ ತಿಳಿಯಾಗೋದನ್ನ ನೋಡೋಕೆ ನನಗೆ ಇಷ್ಟ ಇಲ್ಲ."

* * *

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನನಗಿದ್ದದ್ದು ಒಂದೇ ಯೋಚನೆ. ಹೆರಿಬೆರ್ತೊಗೆ ಹೇಳಬೇಕು: ತಪ್ಪು ನಿಮ್ಮದಲ್ಲ. ನಿಮ್ಮ ಟ್ಯಾಂಕಿಗೆ ಆಮೇಲೆ ಯಾರೋ ಸುರಿದಿದ್ದಾರೆ. ಹನ್ನೆರಡು ದಿನದಿಂದ ಬಾಯಿ ಬಿಡದೆ ಮಲಗಿದ್ದ ಮನುಷ್ಯ ಇದನ್ನು ಕೇಳಿದರೆ ಬಾಯಿ ಬಿಟ್ಟಾನು.

ಅವನು ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ. ಐವತ್ತರ ಆಸುಪಾಸು, ದಪ್ಪ ಕುತ್ತಿಗೆ, ಮೃದು ಮುಖ. ಎರಡೂ ಪಾದಕ್ಕೆ ದಪ್ಪನೆಯ ಬ್ಯಾಂಡೇಜು. ಎಡಗಾಲಿನ ಬೆರಳುಗಳನ್ನು ತೆಗೆದುಹಾಕಿದ್ದರು. ತಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ ಕುಂಬಳದ ರೊಟ್ಟಿ ಎರಡು, ಹಾಗೇ ಮುಟ್ಟದೆ ಇದ್ದವು.

"ಡಾನ್ ಹೆರಿಬೆರ್ತೊ, ಒಳ್ಳೆ ಸುದ್ದಿ ತಂದಿದ್ದೀನಿ."

"ಸರ್ಕಾರಿ ವಕೀಲರು ಬೆಳಗ್ಗೆ ಬಂದಿದ್ರು ಮೇಡಂ" ಅಂದ. ನಾನು ಅವನ ದನಿ ಕೇಳಿದ್ದು ಅದೇ ಮೊದಲು. "ಸಹಿ ಹಾಕಿಬಿಟ್ಟೆ."

"ಯಾವುದಕ್ಕೆ?"

"ತಪ್ಪೊಪ್ಪಿಗೆಗೆ. ಸೀಮೆಎಣ್ಣೆ ಸುರಿದವರು ನೀವೇನಾ ಅಂತ ಕೇಳಿದ್ರು. ಹೌದು ಅಂದೆ."

"ಯಾಕೆ ಸುಳ್ಳು ಹೇಳಿದ್ರಿ? ಫಿಲ್ಟರ್ ನೋಡಿ ಬಂದಿದ್ದೀನಿ. ಅದು ಆಮೇಲೆ..."

"ಸುಳ್ಳಲ್ಲ ಮೇಡಂ. ನಾನೇ ಸುರಿದಿದ್ದು. ಯಾವಾಗ ಅಂತ ಅವರು ಕೇಳ್ಲಿಲ್ಲ."

ಕುರ್ಚಿ ಎಳೆದುಕೊಂಡು ಕೂತೆ. ಮೂರು ಗಂಟೆ ಹೊತ್ತು ನಾನು ಕಟ್ಟಿಕೊಂಡು ಬಂದದ್ದೆಲ್ಲ ಒಂದೇ ಮಾತಿಗೆ ಕುಸಿದು ಬಿದ್ದಿತ್ತು.

"ನಿಧಾನಕ್ಕೆ ಹೇಳಿ."

ಅವನು ಕಿಟಕಿಯ ಕಡೆಗೇ ನೋಡುತ್ತ ಹೇಳಿದ. ಬೇಲಿ ಗೇಟಿನ ಹತ್ತಿರ ಹಿಮದ ರಾಶಿ ಅಡ್ಡ ಬಂದು, ಸಲಿಕೆ ಹಿಡಿದು ಸರಿಸುವುದಕ್ಕೆ ಒಂದು ಗಂಟೆ ಹಿಡಿದಿತ್ತು. ಮತ್ತೆ ಹೊರಟು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಎಂಜಿನ್ ಕೆಮ್ಮಿತು. ನಿಂತಿತು. ಆಗ ಸಂಜೆ ಐದೂವರೆ. ಬೆಳಕು ಹೋಗುತ್ತಿತ್ತು. ಹಿಂದಿನ ಸೀಟಿನಲ್ಲಿ ಸುನಿಲ್ಡಾ ಮತ್ತು ಬೆಲಾರ್ಮಿನೊ, ಇಬ್ಬರೂ ಡಯಾಲಿಸಿಸ್ ಆದ ಸುಸ್ತಿನಲ್ಲಿ ಒರಗಿದ್ದರು.

"ಬೆಲಾರ್ಮಿನೊ ಪೇಟೆಯಲ್ಲಿ ಒಂದು ಸಣ್ಣ ಸೀಮೆಎಣ್ಣೆ ಹೀಟರು ರಿಪೇರಿ ಮಾಡಿಸಿಕೊಂಡು ಬಂದಿದ್ದ" ಅಂದ ಹೆರಿಬೆರ್ತೊ. "ಜೊತೆಗೆ ಇಪ್ಪತ್ತು ಲೀಟರ್ ಡಬ್ಬಿ, ತುಂಬಿದ್ದು. ತಿಂಗಳಿಗೆ ಆಗೋಷ್ಟು."

ವ್ಯಾನಿನಲ್ಲಿ ಸಿಕ್ಕ ಸಾಮಾನಿನ ಪಟ್ಟಿ ನಾನು ಹತ್ತು ಸಲ ಓದಿದ್ದೆ. ಹೀಟರ್ ಒಂದು. ಖಾಲಿ ಡಬ್ಬಿ ಒಂದು. ಪ್ರತಿ ಸಲವೂ ಡಬ್ಬಿಯನ್ನೇ ನೋಡಿದ್ದೆ. ಹೀಟರನ್ನು ನೋಡಿರಲಿಲ್ಲ.

"ದೋನ್ಯಾ ಸುನಿಲ್ಡಾ ಕೇಳಿದ್ಲು. 'ಮಗಾ, ಆ ಹೀಟರ್ ಹಚ್ಚೋ, ಕೈ ಮರಗಟ್ಟಿದೆ' ಅಂತ. ಹಚ್ಚೋಣ ಅಂತ ಎದ್ದೆ. ಅಷ್ಟರಲ್ಲಿ ರೇಡಿಯೊ ಉತ್ತರ ಕೊಡ್ತು."

"ರೇಡಿಯೊ?" ನಾನು ಮುಂದಕ್ಕೆ ಬಾಗಿದೆ. "ಆ ಸಂಜೆ ಯಾವ ಕರೆಯೂ ಬಂದಿಲ್ಲ ಅಂತ ದಾಖಲೆ ಇದೆ."

"ಬಂದಿತ್ತು ಮೇಡಂ. ವ್ಯಾನಿನ ಜೊತೆ ಕಂಪನಿಯವರು ಒಂದು ಸಹಾಯದ ಚಾನೆಲ್ ಕೊಟ್ಟಿದ್ದಾರಲ್ಲ, ಅದರಲ್ಲಿ ಕೂಗ್ತಾ ಇದ್ದೆ. ಹತ್ತು ನಿಮಿಷ ಕೂಗಿದ ಮೇಲೆ ಸಿಕ್ಕಿದ್ರು. ಎಲ್ಲಿ ನಿಂತಿದ್ದೀವಿ, ಯಾರು ಯಾರಿದ್ದೀವಿ, ಎಲ್ಲಾ ಹೇಳ್ದೆ. 'ಡೀಸೆಲ್ ಹೆಪ್ಪುಗಟ್ಟಿದೆ' ಅಂದ್ರು. ನಾನು ಇನ್ನೂ ಬಾನೆಟ್ ಎತ್ತಿರಲಿಲ್ಲ. ಅವರಿಗೆ ಆಗಲೇ ಗೊತ್ತಿತ್ತು. 'ಸೀಮೆಎಣ್ಣೆ ಏನಾದ್ರೂ ಇದೆಯಾ?' ಅಂದ್ರು. ಇಪ್ಪತ್ತು ಲೀಟರ್ ಇದೆ ಅಂದೆ. 'ಎಲ್ಲಾ ಟ್ಯಾಂಕಿಗೆ ಸುರಿ. ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡು. ಆಗಲಿಲ್ಲ ಅಂದ್ರೆ ನಾನು ಗಾಡಿ ಕಳಿಸ್ತೀನಿ' ಅಂದ್ರು."

"ಯಾರು?"

ಅವನು ಕೇಳಿಸಿಕೊಳ್ಳಲಿಲ್ಲ. "ಪುಸ್ತಕದಲ್ಲಿ ಬೆರೆಸಬೇಡಿ ಅಂತ ಬರೆದಿದೆಯಲ್ಲ ಅಂದೆ. 'ನಾನೇ ಹೇಳ್ತಿದ್ದೀನಲ್ಲ, ಸುರಿ' ಅಂದ್ರು. ಸುರಿದೆ. ದೋನ್ಯಾ ಸುನಿಲ್ಡಾಗೆ ಹೇಳ್ದೆ: ಸ್ವಲ್ಪ ತಡೆಯಮ್ಮ, ಎಂಜಿನ್ ಬಂದ್ರೆ ವ್ಯಾನೇ ಬೆಚ್ಚಗಾಗುತ್ತೆ. ಅವಳು 'ಆಗಲಿ ಮಗಾ' ಅಂದ್ಲು."

ಅವನು ಹೊದಿಕೆಯನ್ನು ಬ್ಯಾಂಡೇಜಿನ ಮೇಲೆ ಎಳೆದುಕೊಂಡ.

"ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹೋಯ್ತು. ಬ್ಯಾಟರಿ ಜೊತೆ ರೇಡಿಯೊನೂ ಹೋಯ್ತು. ಟ್ಯಾಂಕಿನಿಂದ ವಾಪಸ್ ತೆಗೆಯೋಣ ಅಂತ ಪೈಪ್ ಹುಡುಕಿದೆ, ಇರಲಿಲ್ಲ. ಕೆಳಗೆ ಮಲಗಿ ತಿರುಪು ಬಿಚ್ಚೋಣ ಅಂದ್ರೆ ಕೈಗೆ ಕಬ್ಬಿಣ ಅಂಟಿಕೊಂಡು ಚರ್ಮ ಕಿತ್ತು ಬಂತು. ಗಾಡಿ ಬರುತ್ತೆ, ಗಾಡಿ ಬರುತ್ತೆ ಅಂತ ಇಬ್ಬರಿಗೂ ಹೇಳ್ತಾನೇ ಇದ್ದೆ. ಬೆಲಾರ್ಮಿನೊ ರಾತ್ರಿ ಒಂದು ಗಂಟೆಗೆ ಮಾತು ನಿಲ್ಲಿಸಿದ. ಅವಳು ಬೆಳಗಿನ ಜಾವದ ತನಕ ಇದ್ಲು. ತನ್ನ ಶಾಲು ನನ್ನ ಕಾಲಿನ ಮೇಲೆ ಹಾಕಿದ್ಲು. ನನಗೆ ನಿದ್ದೆ ಬಂದಾಗ ಹಾಕಿದ್ದಾಳೆ. ಗೊತ್ತಾಗಲಿಲ್ಲ."

ಪಕ್ಕದ ವಾರ್ಡಿನಲ್ಲಿ ಯಾರೋ ಪಾತ್ರೆ ಬೀಳಿಸಿದರು. ಅವನು ಬೆಚ್ಚಿಬಿದ್ದ.

"ಆ ಹೀಟರಿಗೆ ಇಪ್ಪತ್ತು ಲೀಟರ್ ಇದ್ದಿದ್ರೆ ಮೂರು ದಿನ ಉರೀತಿತ್ತು ಮೇಡಂ. ನಾವಿದ್ದದ್ದು ಹದಿನಾಲ್ಕು ಗಂಟೆ. ಅವರು ಬಿಸಿ ಕೇಳಿದ್ರು, ನಾನು ಅದನ್ನ ಟ್ಯಾಂಕಿಗೆ ಸುರಿದೆ. ಸಹಿ ಹಾಕದೆ ಇನ್ನೇನು ಮಾಡ್ಲಿ? ಕಾನೂನಿನಲ್ಲಿ ಏನಂತಾರೋ ಗೊತ್ತಿಲ್ಲ. ಕೊಂದಿದ್ದು ನಾನೇ."

"ಅಲ್ಲ" ಅಂದೆ. ನನ್ನ ದನಿ ನನಗೇ ನಂಬಿಕೆ ಹುಟ್ಟಿಸಲಿಲ್ಲ. "ಡಾನ್ ಹೆರಿಬೆರ್ತೊ, ಕೇಳಿ. ಮೇಣ ಕಟ್ಟಿದ ಮೇಲೆ ಟ್ಯಾಂಕಿಗೆ ಸೀಮೆಎಣ್ಣೆ ಸುರಿದರೆ ಏನೂ ಪ್ರಯೋಜನ ಇಲ್ಲ. ಫಿಲ್ಟರೇ ಕಟ್ಟಿಹೋಗಿದೆ, ಸೀಮೆಎಣ್ಣೆ ಅಲ್ಲಿಗೆ ತಲುಪೋದೇ ಇಲ್ಲ. ಎಂಜಿನ್ ಬಲ್ಲ ಯಾರಿಗಾದ್ರೂ ಇದು ಗೊತ್ತು. ರೇಡಿಯೊದಲ್ಲಿ ಮಾತಾಡಿದ್ದು ಯಾರು?"

ಅವನು ಮೊದಲ ಸಲ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿರಲಿಲ್ಲ. ನೀರಿಗಿಂತ ಕೆಟ್ಟದ್ದು ಏನೋ ಇತ್ತು.

"ಸಲ್ದಿವಿಯಾ ಸಾಹೇಬ್ರು."

* * *

ಮೆಟ್ಟಿಲು ಇಳಿಯುತ್ತಲೇ ನಾನು ಲೆಕ್ಕ ಹಾಕಿದೆ. ನನ್ನ ಕೈಯಲ್ಲಿ ಇದ್ದದ್ದು ಸೀಲ್ ಇಲ್ಲದ ಬಾಟಲಿ, ಬೆಚ್ಚಗಾದರೆ ಕರಗುವ ಮೇಣ, ಕೋರ್ಟಿನಲ್ಲಿ ಇಲ್ಲ ಅನ್ನುವ ಡಾಂಕೊ, ಆಗಲೇ ತಪ್ಪೊಪ್ಪಿಕೊಂಡ ಡ್ರೈವರ್. ಸಲ್ದಿವಿಯಾನ ಬಾಯಿಂದ ಬಂದರೆ ಮಾತ್ರ ಸತ್ಯ. ಇಲ್ಲದಿದ್ದರೆ ಅದು ಸತ್ತ ಹಾಗೆ.

ಕಂಪನಿಯ ವರ್ಕ್‌ಶಾಪಿಗೆ ಬೀಗ ಬಿದ್ದಿತ್ತು. ಪಕ್ಕದ ಬೇಕರಿಯ ಹೆಂಗಸು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಸಾಹೇಬ್ರಾ? ಎರಡು ಗಂಟೆ ಫೆರ್ರಿಗೆ ಹೋದ್ರಲ್ಲ. ಆಚೆ ದಡದ ಪುಂತಾ ಅರೆನಾಸ್‌ಗೆ. ಕಾರಿನ ತುಂಬ ಡಬ್ಬ, ಪುಸ್ತಕ. ಆಫೀಸೇ ಖಾಲಿ ಮಾಡ್ತಿದ್ದೀರಾ ಅಂತ ತಮಾಷೆ ಮಾಡ್ದೆ. ನಗಲೇ ಇಲ್ಲ ಪಾಪ. ಒಂದು ಡಜನ್ ಬನ್ನು ಕಟ್ಟಿಸಿಕೊಂಡು, ಚಿಲ್ಲರೆನೂ ತೊಗೊಳ್ಳದೆ ಹೋದ್ರು."

ಟ್ಯಾಂಕಿನ ಸ್ಯಾಂಪಲ್ಲು. ಕಂಪನಿಯ ರೇಡಿಯೊ ದಾಖಲೆ ಪುಸ್ತಕ. ಎಲ್ಲಾ ಆ ಕಾರಿನಲ್ಲಿತ್ತು.

ಗಡಿಯಾರ ನೋಡಿದೆ. ಮೂರೂ ಮುಕ್ಕಾಲು. ಜಲಸಂಧಿ ದಾಟಲು ಎರಡೂ ಕಾಲು ಗಂಟೆ. ಫೆರ್ರಿ ಇನ್ನೂ ನೀರಿನ ಮೇಲಿತ್ತು.

ಬಂದರು ಕಚೇರಿಗೆ ಓಡಿ ಫೆರ್ರಿಯ ಕ್ಯಾಪ್ಟನ್ನಿಗೆ ರೇಡಿಯೊ ಹಾಕಿಸಿದೆ. ದಪ್ಪ ದನಿಯ ಮನುಷ್ಯ. ಬೂದು ಬಣ್ಣದ ಕಾರು, ರುಬೆನ್ ಸಲ್ದಿವಿಯಾ, ದಡ ಮುಟ್ಟುವ ತನಕ ಅವನ ಮೇಲೆ ಕಣ್ಣಿಡಿ, ಏನನ್ನೂ ನೀರಿಗೆ ಎಸೆಯಲು ಬಿಡಬೇಡಿ ಅಂದೆ.

"ನೋಡಿಸ್ತೀನಿ, ಕಾಯಿರಿ" ಅಂದ.

ನಾನು ಕಾದೆ. ಕಚೇರಿಯ ಗಾಜಿನಾಚೆ ಸಮುದ್ರ ಸೀಸದ ಬಣ್ಣಕ್ಕಿತ್ತು. ಈ ನೀರಿಗೆ ಬಿದ್ದವರು ಹತ್ತು ನಿಮಿಷಕ್ಕಿಂತ ಹೆಚ್ಚು ಬದುಕಿದ್ದನ್ನು ನಮ್ಮೂರಲ್ಲಿ ಯಾರೂ ನೋಡಿಲ್ಲ.

ರೇಡಿಯೊ ಕರಕರ ಅಂದಿತು.

"ಇನ್ಸ್‌ಪೆಕ್ಟರ್?"

"ಹೇಳಿ."

"ಕಾರ್ ಇದೆ. ಎಂಜಿನ್ ಚಾಲೂ ಇದೆ, ಬಾಗಿಲು ತೆರೆದಿದೆ. ಸೀಟಿನ ಮೇಲೆ ಕೋಟು, ಬೂಟು, ಬನ್ನಿನ ಪೊಟ್ಟಣ. ಮೇಲೆ ಕೆಳಗೆ ಎಲ್ಲಾ ಹುಡುಕಿಸಿದೆ. ಮನುಷ್ಯ ಇಲ್ಲ."

"ಡಬ್ಬಗಳು? ಪುಸ್ತಕಗಳು?"

"ಹಿಂದಿನ ಸೀಟು ಖಾಲಿ ಇದೆ ಮೇಡಂ. ಒಂದೇ ಒಂದು ಹಾಳೆ ಸ್ಟಿಯರಿಂಗ್‌ಗೆ ಸಿಕ್ಕಿಸಿದ್ದಾರೆ. ಯಾವುದೋ ದಾಖಲೆ ಪುಸ್ತಕದಿಂದ ಹರಿದದ್ದು. ಸಂಜೆ ಐದು ನಲವತ್ತು ಅಂತ ಇದೆ, ಕ್ಯಾಮರೋನ್ ರಸ್ತೆ, ಮೂರು ಜನ ಅಂತ ಇದೆ. ಕೆಳಗೆ ಇನ್ನೊಂದು ಸಾಲು."

"ಓದಿ."

"'ಗಾಡಿ ಕಳಿಸಬೇಡಿ ಎಂದು ಮೇಲಿನಿಂದ ಆದೇಶ ಬಂದಿದೆ' ಅಂತ. ಅದರ ಮುಂದೆ ಒಂದು ಹೆಸರು ಬರೆದಿದ್ದಾರೆ ಮೇಡಂ, ಆದ್ರೆ ಹಾಳೆ ಒದ್ದೆಯಾಗಿದೆ. ಶಾಯಿ ಹರಡಿಬಿಟ್ಟಿದೆ. ಮೊದಲ ಅಕ್ಷರ ಮಾತ್ರ ಕಾಣ್ತಿದೆ."